ಐದನೆಯ ನಿಮಿಷದ ಸದ್ದು

ಸತ್ತವರು ಬಂದು ಕರೆದರು, ಕನಸಿನಲ್ಲಿ ಕಂಡು ದಾರಿ ತೋರಿಸಿದರು ಎಂದು ಯಾರಾದರೂ ಮಾತು ತೆಗೆದರೆ ನಾನು ಮೆಲ್ಲಗೆ ಎದ್ದು ಒಳಗೆ ಹೋಗಿಬಿಡುತ್ತಿದ್ದೆ. ಎದುರು ಕೂತು ನಗುವುದು ಚೆನ್ನಾಗಿರುವುದಿಲ್ಲ, ನಂಬಿದವಳಂತೆ ತಲೆಯಾಡಿಸುವುದು ನನ್ನಿಂದ ಆಗುವುದಿಲ್ಲ. ಸಿಂಧನೂರಿನಲ್ಲಿ ನಾನು, ನನ್ನ ಗಂಡ ಸೇರಿ ಪಂಪಿನ ಮೋಟಾರು ರಿಪೇರಿಯ ಅಂಗಡಿ ನಡೆಸುತ್ತೇವೆ. ತುರ್ವಿಹಾಳದ ಕಡೆಯಿಂದ ಸುಟ್ಟ ಮೋಟಾರು ಹೊತ್ತು ತಂದವರು "ಯಾರದೋ ಕಣ್ಣು ಬಿತ್ರಿ ಅಕ್ಕಾರ" ಅನ್ನುತ್ತಾರೆ. ಬಿಚ್ಚಿ ನೋಡಿದರೆ ಒಳಗೆ ನೀರು ಹೋಗಿರುತ್ತದೆ, ಇಲ್ಲವೆ ಮೂರು ಫೇಸ್ ಕರೆಂಟಿನಲ್ಲಿ ಒಂದು ತಪ್ಪಿರುತ್ತದೆ. ವರ್ಷಗಟ್ಟಲೆ ಇದನ್ನೇ ನೋಡುತ್ತ ಬಂದವಳು ನಾನು. ಎಲ್ಲದಕ್ಕೂ ಒಳಗೊಂದು ಕಾರಣ ಇದ್ದೇ ಇರುತ್ತದೆ, ಬಿಚ್ಚುವ ತಾಳ್ಮೆ ಬೇಕಷ್ಟೇ ಅಂದುಕೊಂಡಿದ್ದೆ. ಈಗ ಹೇಳಹೊರಟಿರುವುದನ್ನೂ ನನ್ನ ಕೈಲಾದಷ್ಟು ಬಿಚ್ಚಿ ನೋಡಿದ್ದೇನೆ. ಕಾರಣ ಸಿಕ್ಕಿಲ್ಲ. ನೀವು ನಂಬಲೇಬೇಕೆಂದು ಹಟವಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಮೊದಲು ಆಟದ ವಿಷಯ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ನನಗೆ ಹ್ಯಾಮ್ ರೇಡಿಯೋ ಹುಚ್ಚು ಇದೆ, ಅಂದರೆ ಲೈಸೆನ್ಸ್ ಪಡೆದು ಸ್ವಂತ ರೇಡಿಯೋದಿಂದ ದೂರದವರ ಜೊತೆ ಮಾತಾಡುವ ಹವ್ಯಾಸ. ಆ ಹುಚ್ಚಿನವರು ಆಡುವ ಒಂದು ಆಟಕ್ಕೆ ನಾವು ನರಿ ಹುಡುಕುವುದು ಅನ್ನುತ್ತೇವೆ. ಗುಡ್ಡದಲ್ಲೋ ಕುರುಚಲು ಕಾಡಿನಲ್ಲೋ ಐದು ಚಿಕ್ಕ ಟ್ರಾನ್ಸ್‌ಮಿಟರ್ ಪೆಟ್ಟಿಗೆಗಳನ್ನು ಬಚ್ಚಿಡುತ್ತಾರೆ. ಅವೇ ನರಿಗಳು. ಐದೂ ಸರದಿಯ ಮೇಲೆ ಒಂದೊಂದು ನಿಮಿಷ ಕೂಗುತ್ತವೆ, ಐದನೆಯದು ಮುಗಿದ ಮೇಲೆ ಮತ್ತೆ ಮೊದಲನೆಯದು. ಕೂಗು ಅಂದರೆ ಮೋರ್ಸ್ ಸಂಕೇತ. ಹಿಂದೆ ಪೋಸ್ಟಾಫೀಸಿನಲ್ಲಿ ತಂತಿ ಕಳಿಸುತ್ತಿದ್ದರಲ್ಲ, ಆ ಚುಕ್ಕೆ ಗೆರೆಗಳ ಸದ್ದು. ನಮ್ಮ ಕೈಯಲ್ಲಿ ನಕ್ಷೆ, ದಿಕ್ಸೂಚಿ, ರಿಸೀವರ್ ಮತ್ತು ಒಂದು ಆಂಟೆನಾ. ಆಂಟೆನಾ ಯಾವ ಕಡೆ ತಿರುಗಿಸಿದಾಗ ಸದ್ದು ಜೋರಾಗುತ್ತದೋ ಆ ಕಡೆ ಓಡಬೇಕು. ನನ್ನ ಆಂಟೆನಾದ ಕೈಗಳನ್ನು ಗೌಂಡಿಗಳು ಬಳಸುವ ಉಕ್ಕಿನ ಅಳತೆ ಟೇಪಿನಿಂದ ಮಾಡಿಕೊಂಡಿದ್ದೆ, ಜಾಲಿ ಕಂಟಿಗಳ ನಡುವೆ ಬಾಗಿ ಮತ್ತೆ ನೆಟ್ಟಗಾಗಲಿ ಎಂದು. ಅದನ್ನು ಹಿಡಿದು ಮಸ್ಕಿ ಗುಡ್ಡ ಹತ್ತುವಾಗ ಕುರಿ ಮೇಯಿಸುವ ಅಜ್ಜ ಒಬ್ಬ ಕೇಳಿದ್ದ, "ಇಲ್ಲಿ ಯಾವ ಚಾನೆಲ್ ಬರ್ತೈತಿ ಯವ್ವಾ?"

ಮೋರ್ಸ್ ನನಗೆ ಕಲಿಸಿದವಳು ಖೈರುನ್ನಿಸಾ ಆಪಾ. ಲಿಂಗಸುಗೂರಿನಲ್ಲಿ ನನ್ನ ತವರುಮನೆಯ ಹಿಂದಿನ ಓಣಿಯಲ್ಲಿ ಅವಳ ಮನೆ. ತಂತಿ ಸೇವೆ ಇದ್ದ ಕಾಲದಲ್ಲಿ ಅವಳು ತಂತಿ ಬಡಿಯುತ್ತಿದ್ದಳು. ಕಾಲೇಜು ಮುಗಿಸಿ ಮದುವೆಯ ದಾರಿ ಕಾಯುತ್ತ ಮನೆಯಲ್ಲಿ ಕೂತಿದ್ದ ನನ್ನನ್ನು ಕರೆದು, "ಸುಮ್ನ ಕುಂತು ಏನ್ ಮಾಡ್ತಿ, ಬಾ, ಒಂದು ಭಾಷಾ ಕಲಸ್ತೀನಿ" ಅಂದಳು. ತಂತಿ ಬಡಿಯುವವರಿಗೆ ಒಬ್ಬೊಬ್ಬರಿಗೆ ಒಂದೊಂದು ಕೈ ಇರುತ್ತದೆ, ಬರಹ ಇದ್ದ ಹಾಗೆ. ಆಪಾನ ಗೆರೆಗಳು ಒಂದು ಕೂದಲೆಳೆ ಉದ್ದ. ಕೊನೆಯ ಚುಕ್ಕೆಗಳು ಬೇಗ ಬೇಗ, ಮಕ್ಕಳು ಮೆಟ್ಟಿಲು ಇಳಿದು ಬಂದಂತೆ. ನಾನು ಅವಸರ ಮಾಡಿದಾಗಲೆಲ್ಲ ಅವಳು ಒಂದು ಗುರುತು ಬಡಿಯುತ್ತಿದ್ದಳು: ಚುಕ್ಕೆ, ಗೆರೆ, ಮತ್ತೆ ಮೂರು ಚುಕ್ಕೆ. ತಂತಿಯವರ ಮಾತಿನಲ್ಲಿ ಅದಕ್ಕೆ "ಸ್ವಲ್ಪ ತಡಿ" ಎಂದರ್ಥ.

ಅವಳ ಗಂಡ ಮಹಬೂಬ್ ಭಾಯಿ ಹಟ್ಟಿಯ ಗಣಿಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದರು. ನಿವೃತ್ತಿಯಾದ ಮೇಲೆ ನಮ್ಮ ಆಟಕ್ಕೆ ಪೆಟ್ಟಿಗೆಗಳನ್ನು ಮಾಡಿಕೊಟ್ಟವರು ಅವರೇ. ಸಿಂಧನೂರಿನ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವ ಬಸವರಾಜ ಸರ್ ಒಳಗಿನ ಸಂಕೇತ ತುಂಬುತ್ತಿದ್ದರು, ಬೆಸುಗೆ ಕೆಲಸವೆಲ್ಲ ಭಾಯಿಯದು. ಆದರೆ ಮೋರ್ಸ್ ಮಾತ್ರ ಅವರು ಕಲಿಯಲಿಲ್ಲ. ಆಪಾ ಕಲಿಸಲು ಹೋದರೆ, "ನಿನ್ನ ಟಕ್ ಟಕ್ ನನಗ ಬ್ಯಾಡ, ಹೇಳೋದಿದ್ರ ಬಾಯಿಲೆ ಹೇಳು" ಎಂದು ಕಾಡುತ್ತಿದ್ದರು. ಮಕ್ಕಳಿಲ್ಲದ ಮನೆ. ಅವರಿಬ್ಬರ ಜಗಳ ಕೇಳುವುದೆಂದರೆ ನನಗೆ ತವರಿಗೆ ಹೋದಷ್ಟೇ ಸುಖ.

ಆಮೇಲೆ ಆಪಾನಿಗೆ ಗಂಟಲಿನ ಕಾಯಿಲೆ ಬಂತು. ಶಸ್ತ್ರಚಿಕಿತ್ಸೆಯ ನಂತರ ಧ್ವನಿ ಹೋಯಿತು. ಕೈ ನಡುಗುತ್ತಿದ್ದುದರಿಂದ ಬರೆಯಲೂ ಆಗುತ್ತಿರಲಿಲ್ಲ. ಹಾಸಿಗೆಯ ಪಕ್ಕದ ಸ್ಟೀಲ್ ಗ್ಲಾಸಿನ ಮೇಲೆ ಚಮಚದಿಂದ ಬಡಿಯುವಷ್ಟು ಶಕ್ತಿ ಮಾತ್ರ ಉಳಿದಿತ್ತು. ಅವಳು ಬಡಿದ ಕೂಡಲೇ ಭಾಯಿ ಮಾಡುತ್ತಿದ್ದ ಕೆಲಸ ಬಿಟ್ಟು ಅವಳ ಪಕ್ಕ ಕೂತು ನನಗೆ ಫೋನ್ ಹಚ್ಚುತ್ತಿದ್ದರು. ಫೋನನ್ನು ಗ್ಲಾಸಿನ ಹತ್ತಿರ ಹಿಡಿಯುತ್ತಿದ್ದರು. ನಾನು ಸಿಂಧನೂರಿನ ಅಂಗಡಿಯಲ್ಲಿ, ಮೋಟಾರುಗಳ ನಡುವೆ ನಿಂತು ಒಂದು ಕಿವಿ ಮುಚ್ಚಿಕೊಂಡು ಕೇಳಿ ಹೇಳುತ್ತಿದ್ದೆ.

"ನೀರು ಕೇಳಾಕತ್ತಾಳ ಭಾಯಿ." "ಕಿಟಕಿ ತಗಿ ಅಂತಾಳ." "ಮಗ್ಗಲಾ ಬದಲಸಬೇಕಂತ."

ಒಂದು ಮಧ್ಯಾಹ್ನ ಬಹಳ ಹೊತ್ತು ಬಡಿದಳು. ನಡುವೆ ಸುಸ್ತಾಗಿ ನಿಲ್ಲಿಸಿ, "ತಡಿ" ಎಂಬ ಗುರುತು ಬಡಿದು, ಮತ್ತೆ ಶುರು ಮಾಡಿದಳು. ಮುಗಿದ ಮೇಲೆ ಭಾಯಿ ಕೇಳಿದರು, "ಏನಂತಾಳ? ನೋವು ಆಗಾಕತ್ತೇತೇನು?"

"ಇಲ್ಲ ಭಾಯಿ. ನೀವು ಉಂಡೀರಿಲ್ಲೋ ಅಂತ ಕೇಳ್ತಾಳ. ಎರಡು ದಿನದಿಂದ ಬರೇ ಚಾ ಕುಡದೀರಂತ. ಮೊದಲ ಉಂಡು ಬರ್ರಿ ಅಂತಾಳ."

ಆ ಕಡೆ ಚಾದ ಕಪ್ಪು ಕೆಳಗಿಟ್ಟ ಸದ್ದಾಯಿತು. ಆಮೇಲೆ, "ಅಚ್ಛಾ ಅನ್ನು ಆಕಿಗೆ" ಅಂದರು, ಅವಳು ಪಕ್ಕದಲ್ಲೇ ಕೇಳಿಸಿಕೊಳ್ಳುತ್ತಿದ್ದಾಳೆ ಎಂಬುದನ್ನು ಮರೆತವರ ಹಾಗೆ.

ಆಪಾ ಆ ಮಳೆಗಾಲದಲ್ಲಿ ಹೋದಳು. ಭಾಯಿ ಆಟಕ್ಕೆ ಬರುವುದನ್ನು ಬಿಟ್ಟರು. ಪೆಟ್ಟಿಗೆಗಳು ಅವರ ಅಟ್ಟದ ಮೇಲೆ ಧೂಳು ತಿನ್ನುತ್ತ ಇದ್ದವು. ನಾವು ಯಾರೂ ಕೇಳಲಿಲ್ಲ.

ಅದರ ಮುಂದಿನ ವರ್ಷದ ಚಳಿಗಾಲದಲ್ಲಿ ಅವರೇ ಬಸವರಾಜ ಸರ್‌ಗೆ ಫೋನ್ ಮಾಡಿ, "ಮಸ್ಕಿ ಗುಡ್ಡದಾಗ ಒಂದು ಆಟ ಇಡ್ರಿ, ಪೆಟ್ಟಿಗಿ ನಾನ ಇಡ್ತೀನಿ" ಅಂದರಂತೆ. ನಮಗೆಲ್ಲ ಸಂತೋಷವಾಯಿತು. ಭಾನುವಾರ ನಸುಕಿನ ಬಸ್ಸಿಗೆ ಲಿಂಗಸುಗೂರಿನಿಂದ ಬಂದು ಐದೂ ಪೆಟ್ಟಿಗೆ ಇಟ್ಟು, ಮಸ್ಕಿಯಲ್ಲಿರುವ ತಮ್ಮನ ಮಗಳ ಮನೆಗೆ ಹೋಗಿ ನಾಷ್ಟಾ ಮಾಡಿ, ಮಧ್ಯಾಹ್ನ ಊಟಕ್ಕೆ ನಮ್ಮನ್ನು ಕೂಡುವುದು ಎಂದು ಮಾತಾಗಿತ್ತು. ಹೀಗಾಗಿ ಬೆಳಿಗ್ಗೆ ಅವರು ಕಾಣದಿದ್ದುದರಲ್ಲಿ ಯಾರಿಗೂ ಏನೂ ವಿಶೇಷ ಅನಿಸಲಿಲ್ಲ.

ನಾವು ಹತ್ತು ಹನ್ನೆರಡು ಮಂದಿ ಗುಡ್ಡದ ಬುಡದಲ್ಲಿ ಸೇರಿದೆವು. ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದೆವು. ಬಸವರಾಜ ಸರ್ ರಿಸೀವರ್ ಹಚ್ಚಿ ಕೇಳಿ ಹೇಳಿದರು, "ನಾಕು ಕೂಗಾಕತ್ತಾವ. ಐದನೇದು ಬಾಯಿ ಬಿಡವಲ್ತು. ಬ್ಯಾಟರಿ ಸಡಲಾಗಿರಬೇಕು. ಭಾಯಿ ಫೋನೂ ಹತ್ತವಲ್ತು. ಇರ್ಲಿ, ನಾಕಾ ಹುಡಕ್ರಿ."

ನಾನು ಎರಡು ನರಿಗಳನ್ನು ಬೇಗನೇ ಹಿಡಿದೆ. ಒಂದು ಸೀತಾಫಲದ ಗಿಡದ ಬುಡದಲ್ಲಿ, ಇನ್ನೊಂದು ಬಂಡೆಯ ಸಂದಿನಲ್ಲಿ. ಅಷ್ಟೊತ್ತಿಗೆ ಬಿಸಿಲು ಏರಿತ್ತು. ಒಂದು ಕಲ್ಲಿನ ಮೇಲೆ ಕೂತು ನೀರು ಕುಡಿದೆ. ಕೆಳಗೆ ಮಸ್ಕಿಯ ಮನೆಗಳು, ರಸ್ತೆಯ ಮೇಲೆ ಸಿಂಧನೂರಿನ ಕಡೆ ಹೋಗುವ ಲಾರಿಗಳು ಕಾಣುತ್ತಿದ್ದವು. ನಾಲ್ಕನೆಯ ನರಿಯ ಕೂಗು ಮುಗಿದು ಐದನೆಯ ನಿಮಿಷ ಶುರುವಾಯಿತು. ಆ ನಿಮಿಷದಲ್ಲಿ ಬೆಳಿಗ್ಗೆಯಿಂದ ಬರೀ ಸುಯ್ಯೆನ್ನುವ ಸದ್ದು. ಹೆಡ್‌ಫೋನ್ ಕುತ್ತಿಗೆಗೆ ಇಳಿಸಬೇಕೆಂದು ಕೈ ಎತ್ತಿದೆ.

ಆಗ ಕೇಳಿಸಿತು. ಚುಕ್ಕೆ, ಗೆರೆ, ಚುಕ್ಕೆ ಚುಕ್ಕೆ ಚುಕ್ಕೆ.

ಮೊದಲು ಯಾರೋ ವಾಕಿಟಾಕಿ ಹಿಡಿದು ಆಟ ಆಡುತ್ತಿದ್ದಾರೆ ಅಂದುಕೊಂಡೆ. ಅದು ಐದನೆಯ ಪೆಟ್ಟಿಗೆಯ ಸಂಕೇತವಲ್ಲ. ಪೆಟ್ಟಿಗೆಯ ಸದ್ದು ಯಂತ್ರದ್ದು, ಗಡಿಯಾರದ ಹಾಗೆ ಒಂದೇ ಅಳತೆ. ಇದು ಕೈಯಿಂದ ಬಡಿದದ್ದು. ಮತ್ತೆ ಬಂತು. ಗೆರೆ ಒಂದು ಕೂದಲೆಳೆ ಉದ್ದ. ಕೊನೆಯ ಮೂರು ಚುಕ್ಕೆ ಬೇಗ ಬೇಗ.

ನನಗೆ ಹೆದರಿಕೆಯಾಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಅಂಗಡಿಯಲ್ಲಿ ಫೋನ್ ಎತ್ತಿದಾಗ ಏನು ಅನ್ನುತ್ತಿದ್ದೆನೋ ಅದೇ ಬಾಯಿಂದ ಬಂತು: "ಹೇಳು ಆಪಾ." ಅಂದ ಮೇಲೆ, ಅವಳು ಈಗಿಲ್ಲ ಎಂದು ಎಚ್ಚರವಾಯಿತು. ಅಷ್ಟರಲ್ಲಿ ಕೈಗಳು ತಮ್ಮಷ್ಟಕ್ಕೆ ಆಂಟೆನಾ ತಿರುಗಿಸಿದ್ದವು. ಸದ್ದು ನಾನು ಹೋಗಬೇಕಾಗಿದ್ದ ದಿಕ್ಕಿನಿಂದ ಬರುತ್ತಿರಲಿಲ್ಲ. ನನ್ನ ಬೆನ್ನ ಹಿಂದೆ, ಗುಡ್ಡ ಕಡಿದಾಗಿ ಇಳಿಯುವ ಬಡಗಣ ಮಗ್ಗುಲಿನಿಂದ ಬರುತ್ತಿತ್ತು. ದಿಕ್ಸೂಚಿಯಲ್ಲಿ ದಿಕ್ಕು ಹಿಡಿದುಕೊಂಡೆ. ನಿಮಿಷ ಮುಗಿಯಿತು, ಒಂದನೆಯ ನರಿ ಕೂಗತೊಡಗಿತು.

ಆಟ ಬಿಟ್ಟು ಆ ಕಡೆ ನಡೆದೆ. ಯಾಕೆ ಎಂದು ನನ್ನನ್ನೇ ಕೇಳಿಕೊಳ್ಳಲಿಲ್ಲ. ದಾರಿ ಇಲ್ಲದ ಕಡೆ, ಬಂಡೆಗಳ ನಡುವೆ ತೂರಿ, ಕಳ್ಳಿಗೆ ದುಪಟ್ಟಾ ಸಿಕ್ಕಿಸಿಕೊಂಡು, ಬಿಡಿಸಿಕೊಂಡು ಹೋದೆ. ಐದನೆಯ ನಿಮಿಷ ಬರುವ ಹೊತ್ತಿಗೆ ನಿಂತು ಕಾದೆ. ಬಂತು. ಈ ಸಲ ಜೋರಾಗಿತ್ತು. ಕಲ್ಲುಗುಡ್ಡದಲ್ಲಿ ಸದ್ದು ಬಂಡೆಗೆ ಬಡಿದು ಬೇರೆ ದಿಕ್ಕಿನಿಂದ ಬಂದಂತೆ ಕಾಣುವುದುಂಟು, ಎಷ್ಟೋ ಸಲ ಮೋಸ ಹೋಗಿದ್ದೇನೆ. ಅದಕ್ಕೇ ಹತ್ತು ಮಾರು ಅತ್ತ ಇತ್ತ ಸರಿದು ಮತ್ತೆ ಮತ್ತೆ ದಿಕ್ಕು ನೋಡಿದೆ. ಒಂದೇ ಕಡೆ ತೋರಿಸಿತು. ಅದರ ಮುಂದಿನ ಸರದಿ ಬಂದಾಗ ರಿಸೀವರಿನ ಜೋರು ಕಡಿಮೆ ಮಾಡುವ ಗುಂಡಿಯನ್ನು ಕೊನೆಯವರೆಗೆ ಇಳಿಸಿದರೂ ಕಿವಿ ತುಂಬುತ್ತಿತ್ತು. ಅಂದರೆ ನರಿ ಕಾಲ ಬುಡದಲ್ಲೇ ಇರಬೇಕು. ಸುತ್ತ ಹುಡುಕಿದೆ. ಪೆಟ್ಟಿಗೆಯಿಲ್ಲ, ವೈರಿಲ್ಲ. ಒಂದು ಕಂದು ಬಣ್ಣದ ಮಂಕಿ ಕ್ಯಾಪು ಕಲ್ಲಿನ ಮೇಲೆ ಬಿದ್ದಿತ್ತು.

ಬಗ್ಗಿ ನೋಡಿದೆ. ಬಂಡೆಯ ಕೆಳಗೆ, ಮಂಚದಷ್ಟು ಅಗಲದ ಒಂದು ಹಾಸುಗಲ್ಲಿನ ಮೇಲೆ ಮಹಬೂಬ್ ಭಾಯಿ ಕೂತಿದ್ದರು. ಬೆನ್ನು ಕಲ್ಲಿಗೆ ಒರಗಿತ್ತು. ಒಂದು ಕಾಲು ಇರಬಾರದ ರೀತಿಯಲ್ಲಿ ತಿರುಗಿತ್ತು. ತುಟಿಗಳು ಒಣಗಿ ಬೆಳ್ಳಗಾಗಿದ್ದವು. ಅವರ ಮುಂದೆ ಎರಡು ಗೇಣಿನಾಚೆ ಕಲ್ಲು ಮುಗಿದು ನೇರ ಇಳಿಜಾರು.

"ಭಾಯಿ!"

ಕಣ್ಣು ತೆರೆದರು. "ತಂಗಿ, ಬಂದ್ಯಾ? ಗ್ಲಾಸು ಯಾರು ಬಡಿಯಾಕತ್ತಿದ್ರು?"

"ಯಾವ ಗ್ಲಾಸು?"

"ಬಿಡು. ನೀರು ಕೊಡು."

ಮಗ್ಗುಲಿನಿಂದ ಇಳಿದು ನೀರು ಕುಡಿಸಿದೆ. ಅವರ ಪಕ್ಕದಲ್ಲಿ ಚೀಲವಿತ್ತು. ಒಳಗೆ ಐದನೆಯ ಪೆಟ್ಟಿಗೆ. ಅದನ್ನು ಇಡಲು ಬರುವಾಗ ಕಾಲು ಜಾರಿತ್ತು. ಮುಚ್ಚಳದ ಸ್ಕ್ರೂಗಳು ಬಿಗಿಯಾಗಿದ್ದವು. ಬ್ಯಾಟರಿಯನ್ನು ಅವರು ಯಾವಾಗಲೂ ಮಾಡುವ ಹಾಗೆ ಬೇರೆಯಾಗಿ ಹಳೆ ಪೇಪರಿನಲ್ಲಿ ಸುತ್ತಿದ್ದರು. ಆಂಟೆನಾದ ವೈರು ಸುರುಳಿ ಸುತ್ತಿ ರಬ್ಬರ್ ಹಾಕಿದ್ದು ಹಾಗೇ ಇತ್ತು. ಇದನ್ನು ನಾನು ನನ್ನ ಕಣ್ಣಿನಿಂದ ನೋಡಿದ್ದೇನೆ, ಮುಟ್ಟಿ ನೋಡಿದ್ದೇನೆ. ಕುತ್ತಿಗೆಗೆ ಇಳಿಬಿಟ್ಟಿದ್ದ ಹೆಡ್‌ಫೋನಿನಲ್ಲಿ ಉಳಿದ ನರಿಗಳು ಒಂದಾದ ಮೇಲೊಂದು ಕೂಗಿದವು. ಐದನೆಯ ನಿಮಿಷ ಬಂದಾಗ ಕಿವಿಗೆ ಒತ್ತಿ ಹಿಡಿದು ಕೇಳಿದೆ. ಸುಯ್ಯೆನ್ನುವ ಸದ್ದೊಂದೇ.

ಮೇಲೆ ಹತ್ತಿ ಫೋನ್ ಮಾಡಿದೆ. ಬಸವರಾಜ ಸರ್ ಮತ್ತು ಉಳಿದವರು ಕಂಬಳಿ, ಬಿದಿರಿನ ಗಳ ತಂದು ಜೋಳಿಗೆ ಮಾಡಿ ಅವರನ್ನು ಇಳಿಸಿದರು. ಲಿಂಗಸುಗೂರಿನ ಆಸ್ಪತ್ರೆಯಲ್ಲಿ ತೊಡೆಯ ಎಲುಬು ಮುರಿದಿದೆ ಎಂದರು. "ಅಲುಗಾಡದೆ ಒಂದೇ ಕಡೆ ಕುಂತಿದ್ದು ಚಲೋ ಆತು. ಇಲ್ಲಂದ್ರ ಒಳಗ ರಕ್ತ ಹೋಗಿ ಉಳಿಯೋದು ಕಷ್ಟ ಇತ್ತು" ಎಂದು ಡಾಕ್ಟರು ಹೇಳಿದರು.

ಮರುದಿನ ನೋಡಲು ಹೋದೆ. ನಾನು ಕೇಳಿದ ಸದ್ದಿನ ಬಗ್ಗೆ ಆವರೆಗೆ ಯಾರಿಗೂ ಹೇಳಿರಲಿಲ್ಲ. ಸದ್ದಿನ ಜಾಡು ಹಿಡಿದು ಹೋದೆ ಎಂದಷ್ಟೇ ಹೇಳಿದ್ದೆ, ಎಲ್ಲರೂ ಉಳಿದ ನಾಲ್ಕರಲ್ಲಿ ಯಾವುದೋ ಪೆಟ್ಟಿಗೆಯ ಸದ್ದು ಅಂದುಕೊಂಡಿದ್ದರು. ಭಾಯಿ ತಾವಾಗಿ ಮಾತು ತೆಗೆದರು. ತಮ್ಮನ ಮಗಳು ಪಕ್ಕದಲ್ಲಿ ಕಿತ್ತಳೆ ಸುಲಿಯುತ್ತಿದ್ದಳು.

"ಬಿದ್ದ ಮ್ಯಾಲೆ ಕೆಳಗ ಕಾಲುದಾರಿ ಕಂಡಂಗಾತು ತಂಗಿ. ಕುಂಡಿ ಮ್ಯಾಲೆ ಜಾರಕೋತ ಹೋಗಿಬಿಡೂಣು ಅಂತ ಸರದೆ. ಅಷ್ಟ್ರಾಗ ಗ್ಲಾಸಿನ ಸಪ್ಪಳ ಆತು. ಚಮಚಾದ್ಲೆ ಬಡದಂಗ. ನಿಮ್ಮ ಆಪಾ ಬಡೀತಿದ್ಲಲ್ಲ, ಹಂಗ. ಆಕಿ ಬಡದ್ರ ನಾ ಏನಿದ್ರೂ ಬಿಟ್ಟು ಕುಂದರ್ತಿದ್ದೆ, ನಿನಗ ಫೋನ್ ಹಚ್ಚಾಕ. ಹಂಗ ಕುಂತೆ. ಕಿಸೆದಾಗ ಫೋನ್ ಹುಡಕಿದೆ. ಫೋನು ಕೆಳಗ ಬಿದ್ದು ಚೂರಾಗಿತ್ತು. ಆಮ್ಯಾಲ ಆಗಾಗ ಆಗಾಗ ಬಡಕೋತನ ಇತ್ತು. ಕೇಳಕೋತ ಕುಂತೆ."

"ದೊಡ್ಡಪ್ಪಗ ಜ್ವರ ಏರ್ಯಾವ" ಎಂದು ಆ ಹುಡುಗಿ ನನ್ನ ಕಡೆ ನೋಡಿ ಮೆಲ್ಲಗೆ ಅಂದಳು. ಗುಡ್ಡದಲ್ಲಿ ಭಾಯಿಯ ಹತ್ತಿರ ರಿಸೀವರ್ ಇರಲಿಲ್ಲ. ಇದ್ದಿದ್ದರೂ ಆ ಸದ್ದು ಗ್ಲಾಸಿನ ಸದ್ದಿನಂತೆ ಕೇಳುವಂಥದ್ದಲ್ಲ.

ಆಮೇಲೆ ಬಸವರಾಜ ಸರ್ ಒಬ್ಬರ ಮುಂದೆ ಎಲ್ಲ ಹೇಳಿದೆ. ಅವರು ನಗಲಿಲ್ಲ. ಪೆಟ್ಟಿಗೆಯನ್ನು ಬಿಚ್ಚಿ ಟೇಬಲ್ಲಿನ ಮೇಲೆ ಹರಡಿದೆವು. ಎಲ್ಲ ಸರಿಯಾಗಿತ್ತು, ಬ್ಯಾಟರಿ ಇಲ್ಲದೆ ಅದು ಬರೀ ಡಬ್ಬಿ. ಆ ದಿನ ಆಡಿದವರನ್ನು ಕೇಳಿದೆವು. ಐದನೆಯ ನಿಮಿಷದಲ್ಲಿ ಯಾರಿಗೂ ಏನೂ ಕೇಳಿಸಿರಲಿಲ್ಲ. ಹೆಚ್ಚಿನವರು ಕೇಳಲು ಹೋಗಿರಲೂ ಇಲ್ಲ. ಕೊನೆಗೆ ಸರ್ ಅಂದರು, "ಅಕ್ಕಾರ, ತಿಂಗಳುಗಟ್ಟಲೆ ಆ ಬಡಿತ ಕೇಳೀರಿ ನೀವು. ಸುಯ್ ಅನ್ನೋ ಸಪ್ಪಳದಾಗ ನಿಮ್ಮ ಮನಸ್ಸ ಅದನ್ನ ಹುಡುಕಿ ತಗದಿರಬೇಕು. ಭಾಯಿಗೂ ಹಂಗ ಆಗಿರಬೇಕು."

ಇದು ತಳ್ಳಿಹಾಕುವ ಮಾತಲ್ಲ. ಬೇರೆಯವರು ಇದೇ ಕಥೆ ಹೇಳಿದ್ದರೆ ನಾನೂ ಇದನ್ನೇ ಹೇಳುತ್ತಿದ್ದೆ. ಮನಸ್ಸು ಸದ್ದನ್ನು ಕಟ್ಟಬಲ್ಲದು ಎಂದು ಒಪ್ಪುತ್ತೇನೆ. ಆದರೆ ದಿಕ್ಕನ್ನು ಎಲ್ಲಿಂದ ತಂದಿತು? ಭಾಯಿ ಅಲ್ಲಿದ್ದಾರೆ ಎಂಬುದು ನನಗೆ ಗೊತ್ತೇ ಇರಲಿಲ್ಲ. ಮಸ್ಕಿಯಲ್ಲಿ ನಾಷ್ಟಾ ಮಾಡುತ್ತಿದ್ದಾರೆ ಅಂದುಕೊಂಡಿದ್ದೆ. ಸರ್ ಅವರನ್ನು ಇದನ್ನೇ ಕೇಳಿದೆ. ಅವರು ಸ್ಕ್ರೂಗಳನ್ನು ಒಂದೊಂದಾಗಿ ಮತ್ತೆ ಹಾಕುತ್ತ ಕೂತರು. ಈಗ ವರ್ಷಗಳಾದವು. ಅಂಗಡಿಯಲ್ಲಿ ಯಾರಾದರೂ ಕಣ್ಣು ಬಿತ್ತು ಅಂದರೆ ಈಗಲೂ ಮೋಟಾರನ್ನೇ ಬಿಚ್ಚುತ್ತೇನೆ, ನೀರೇ ಸಿಗುತ್ತದೆ. ಆ ಒಂದು ಬೆಳಗನ್ನು ಮಾತ್ರ ಎಲ್ಲಿ ಇಡಬೇಕೋ ತಿಳಿದಿಲ್ಲ.

ಭಾಯಿಗೆ ಹೇಳಬೇಕೋ ಬೇಡವೋ ಎಂದು ಬಹಳ ದಿನ ತಳಮಳಿಸಿದೆ. ಹೆಂಡತಿಯನ್ನು ಕಳೆದುಕೊಂಡ ಮನುಷ್ಯ. ನನಗೇ ಖಾತ್ರಿಯಿಲ್ಲದ ಮಾತನ್ನು ಅವರ ಕೈಗೆ ಕೊಟ್ಟು, ಅದನ್ನೇ ಹಿಡಿದುಕೊಂಡು ಅವರು ದಿನ ದೂಡುವಂತಾದರೆ? ಹೇಳದೆ ಇಟ್ಟುಕೊಂಡರೆ, ಅವರಿಗೆ ಬಂದದ್ದನ್ನು ನಾನು ತಲುಪಿಸದೆ ಉಳಿಸಿಕೊಂಡ ಹಾಗೆ. ಆ ಚಳಿಗಾಲ ಕಳೆದು ಬೇಸಿಗೆಯಲ್ಲಿ ತವರಿಗೆ ಹೋದಾಗ ಅವರು ಕೋಲು ಹಿಡಿದು ತಮ್ಮ ಮನೆಯ ಅಂಗಳದಲ್ಲಿ ಓಡಾಡುತ್ತಿದ್ದರು. ಕೂಡಿಸಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಇದಕ್ಕೆ ಬಸವರಾಜ ಸರ್ ಏನಂದರು ಎಂಬುದನ್ನೂ ಹೇಳಿದೆ.

ಅವರು ನೆಲ ನೋಡುತ್ತ ಕೇಳಿದರು, "ಏನಂತ ಬಡದ್ಲು?"

"ತಡಿ ಅಂತ, ಭಾಯಿ. ಅಷ್ಟ. ಮತ್ತ ಮತ್ತ ಅದನ್ನ."

ನಂಬುತ್ತಾರೋ, ಬೇಸರ ಮಾಡಿಕೊಳ್ಳುತ್ತಾರೋ ಎಂದು ನಾನು ಅವರ ಮುಖ ನೋಡುತ್ತಿದ್ದೆ. ಅವರು ಬೇರೆಯೇ ಒಂದು ಮಾತು ಕೇಳಿದರು.

"ಆವಾಜು ಹೆಂಗಿತ್ತು? ದೂರದ್ದು ಇತ್ತೇನು, ಹತ್ತರದ್ದು?"

"ಭಾಳ ಹತ್ತರದ್ದು. ರಿಸೀವರ್ ಪೂರಾ ಇಳಿಸಿದ್ರೂ ಕಿವಿ ತುಂಬತಿತ್ತು."

"ಅಷ್ಟು ಹತ್ತರ" ಎಂದು ತಮಗೇ ಹೇಳಿಕೊಂಡರು. ಕೋಲಿಗಾಗಿ ಕೈ ಆಡಿಸಿದರು. ನಾನು ಎತ್ತಿಕೊಟ್ಟೆ. "ಕುಂದರು ತಂಗಿ, ಚಾ ಇಡ್ತೀನಿ" ಅಂದು ಒಳಗೆ ಹೋದರು.

ಸ್ವಲ್ಪ ಹೊತ್ತಿಗೆ ಶುಂಠಿ ಕುದಿಯುವ ವಾಸನೆ ಅಂಗಳಕ್ಕೆ ಬಂತು. ಅವರು ಬಹಳ ಹೊತ್ತು ಹೊರಗೆ ಬರಲಿಲ್ಲ. ನಾನೂ ಕರೆಯಲಿಲ್ಲ.